ಬಂಬದ ಹೊಗೆ ಮತ್ತು ನನ್ನ ತಣ್ಣೀರು

ಈ ಮಾತನ್ನು ಬರೆಯಲು ಕುಳಿತಾಗಲೆಲ್ಲ ನನಗೆ ಬೇರೆ ಯಾವುದೋ ತುರ್ತು ಕೆಲಸ ನೆನಪಾಗುತ್ತದೆ. ಒಮ್ಮೆ ಕನ್ನಡಕ ಒರೆಸುವುದು, ಒಮ್ಮೆ ಹಳೆಯ ಛತ್ರಿ ರಿಪೇರಿ ಮಾಡಿಸುವುದು. ಹೀಗೆ ಮುಂದೂಡುತ್ತ ಎರಡು ಚಳಿಗಾಲ ಕಳೆದವು. ಅಥಣಿಯ ಕಡೆ ಅಜ್ಜನ ಮನೆಯಲ್ಲಿದ್ದು ಹೈಸ್ಕೂಲಿನವರೆಗೆ ಕಲಿತ ಕನ್ನಡವನ್ನು ಸಾಂಗಲಿಯ ಅರಿಸಿನ ಪೇಟೆಯಲ್ಲಿ ವರ್ಷಗಟ್ಟಲೆ ತಕ್ಕಡಿ ಹಿಡಿದ ಮೇಲೂ ಮರೆತಿಲ್ಲ. ಹಾಗಾಗಿ ಬರೆಯಲು ಬಾರದು ಎಂಬ ನೆಪವೂ ನನಗಿಲ್ಲ.

ತಣ್ಣೀರು ಸ್ನಾನದ ಲಾಭ ಯಾರಿಗೆ ಗೊತ್ತಿಲ್ಲ? ರಕ್ತ ಚುರುಕಾಗಿ ಓಡುತ್ತದೆ, ಆಲಸ್ಯ ಅದಕ್ಕಿಂತ ಚುರುಕಾಗಿ ಓಡುತ್ತದೆ, ನೆಗಡಿ ಹತ್ತಿರ ಸುಳಿಯುವುದಿಲ್ಲ, ಕೂದಲು ಉದುರುವುದಿಲ್ಲ, ಸಿಟ್ಟು ಇಳಿಯುತ್ತದೆ. ಇದನ್ನೆಲ್ಲ ನಾವಿರುವ ಮಿರಜದ ಮೈದಾನದಲ್ಲಿ ನಾನು ಎಷ್ಟು ಸಲ ಹೇಳಿದ್ದೇನೆಂದರೆ ಅಲ್ಲಿಯ ನಾಯಿಗಳಿಗೂ ಬಾಯಿಪಾಠವಾಗಿರಬೇಕು. ನಿಜವೋ ಸುಳ್ಳೋ ನನಗೆ ತಿಳಿಯದು. ಏಕೆಂದರೆ ನಾನು ಒಂದು ದಿನವೂ ತಣ್ಣೀರು ಮೈಮೇಲೆ ಹಾಕಿಕೊಂಡವನಲ್ಲ.

ಕೆಲಸ ಬಿಟ್ಟ ಮೇಲೆ ಬೆಳಿಗ್ಗೆ ತಿರುಗಾಡುವ ಮುದುಕರ ಗುಂಪಿಗೆ ನಾನೂ ಸೇರಿದೆ. ಅಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ವ್ರತ. ಒಬ್ಬರು ಹಸಿ ಬೆಳ್ಳುಳ್ಳಿ ನುಂಗುವವರು, ಒಬ್ಬರು ಮೆಂತ್ಯದ ನೀರು ಕುಡಿಯುವವರು, ಒಬ್ಬರಂತೂ ಆ ವಯಸ್ಸಿನಲ್ಲಿ ಶೀರ್ಷಾಸನ ಹಾಕುವವರು. ನನ್ನ ಸರದಿ ಬಂದಾಗ ನನ್ನ ಹತ್ತಿರ ಏನೂ ಇರಲಿಲ್ಲ. ಹಿಂದಿನ ದಿನ ಮೊಬೈಲಿನಲ್ಲಿ ಓದಿದ್ದು ಬಾಯಿಗೆ ಬಂತು: ಹನ್ನೆರಡು ತಿಂಗಳೂ ತಣ್ಣೀರು. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ನನಗೆ ಬೆಚ್ಚಗಿದೆ.

ತೊಡಕು ಬಂದದ್ದು ಬಂಬದಿಂದ. ನಮ್ಮ ಹಿತ್ತಲಲ್ಲಿ ನೀರು ಕಾಯಿಸುವ ತಾಮ್ರದ ಬಂಬ ಇದೆ. ನಡುವೆ ಕೆಂಡ, ಸುತ್ತ ನೀರು, ಮೇಲೆ ಹೊಗೆಯ ಕೊಳವೆ. ನನ್ನ ಹೆಂಡತಿ ನಸುಕಿಗೆದ್ದು ಅದನ್ನು ಹೊತ್ತಿಸಿದರೆ ಹೊಗೆ ನೆಟ್ಟಗೆ ಪಕ್ಕದ ಅಣ್ಣಾಸಾಹೇಬರ ಅಂಗಳಕ್ಕೆ ಹೋಗುತ್ತದೆ. ಅವರು ನಮ್ಮದೇ ಗುಂಪಿನವರು, ಹೇಳಿದ್ದನ್ನೆಲ್ಲ ನಂಬುವ ಸಜ್ಜನ. ತಣ್ಣೀರಿನ ಮನೆಯಲ್ಲಿ ಹೊಗೆ ಏಕೆಂದು ಒಂದು ದಿನ ಎಲ್ಲರೆದುರು ಕೇಳಿದರು.

“ಅದು ನಮ್ಮಾಕಿ ಸಲುವಾಗಿರಿ,” ಎಂದೆ. “ಭಾಳ ನಾಜೂಕ. ಬಿಸಿನೀರ ಇಲ್ಲಂದ್ರ ಆಕೀಗಿ ಮುಂಜಾನಿನೇ ಆಗೂದಿಲ್ಲ.”

ಗುಂಪು ಮನಸಾರೆ ನಕ್ಕಿತು. ಓಣಿಯವರಿಗೆಲ್ಲ ವೈನಿ, ಅಂದರೆ ಅತ್ತಿಗೆಯಾಗಿದ್ದ ಅವಳ ಹೆಸರು ವಾರದೊಳಗೆ ‘ನಾಜೂಕ ವೈನಿ’ ಎಂದಾಯಿತು. ಕಾಯಿಪಲ್ಲೆ ಮಾರುವವಳೂ ಹಾಗೇ ಕರೆದಳಂತೆ. ಇವಳು ಮನೆಗೆ ಬಂದು ಅದನ್ನು ಹೇಳಿ ಕಾಯಿಪಲ್ಲೆ ಸೋಸಲು ಕುಳಿತಳು. ನಾನು ಬಚ್ಚಲಲ್ಲಿ ಹಬೆಯ ನಡುವೆ ಕುಳಿತು, ಗೋಡೆಯಾಚೆಯ ಅಣ್ಣಾಸಾಹೇಬರಿಗೆ ಕೇಳಲೆಂದು, ಚಳಿಗೆ ನಡುಗುವವನಂತೆ ಗಟ್ಟಿಯಾಗಿ ಸದ್ದು ಮಾಡುತ್ತಿದ್ದೆ.

ಆ ಸದ್ದಿಗೇ ಅವರು ಮರುಳಾದರು. ಚಳಿ ಜೋರಾಗಿದ್ದಾಗ ಒಂದು ಬಕೀಟು ತಣ್ಣೀರನ್ನು ಒಮ್ಮೆಲೇ ತಲೆಗೆ ಸುರಿದುಕೊಂಡರು. ಮೂರನೆಯ ದಿನ ಜ್ವರ, ಕೆಮ್ಮು, ಹಾಸಿಗೆ. ಕಿತ್ತಳೆ ಹಣ್ಣು ತೆಗೆದುಕೊಂಡು ನೋಡಲು ಹೋದೆ. ನಿಜ ಹೇಳಬೇಕಾದದ್ದು ಆಗ. ನಾನು ಹೇಳಿದ್ದು, ನಿಮ್ಮ ಪದ್ಧತಿ ತಪ್ಪಿತು ಎಂದು. ಆ ಪುಣ್ಯಾತ್ಮ ಕೆಮ್ಮುತ್ತಲೇ ಕೈಮುಗಿದು, ತಪ್ಪು ತನ್ನದೇ ಎಂದು ಒಪ್ಪಿಕೊಂಡರು.

ಅವರ ಹೆಂಡತಿ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ಸಂಜೆ ನೇರವಾಗಿ ನಮ್ಮ ಮನೆಗೆ ಬಂದು, ನಾನು ಕುಳಿತಿರುವಾಗಲೇ, ನನ್ನ ಹೆಂಡತಿಯನ್ನು ಕೇಳಿದರು: “ವೈನಿ, ಖರೇ ಹೇಳ್ರಿ. ನಿಮ್ಮ ಮನ್ಯಾಗ ತಣ್ಣೀರ ಹೆಂಗ ಹಾಕೋತಾರ?”

ನನ್ನ ಮಾನ ಆಗ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಆ ಎರಡು ಕೈಗಳಲ್ಲಿತ್ತು. ಅವಳು ತಲೆ ಎತ್ತದೆ ಹೇಳಿದಳು: “ಮೊದಲ ಪಾದಕ್ಕ ಹಾಕೋಬೇಕ್ರಿ. ಆಮ್ಯಾಲ ಮೊಣಕಾಲು, ಬೆನ್ನು. ತಲಿಗಿ ಒಮ್ಮೆಲೆ ಸುರಕೊಂಡ್ರ ಉಸರ ಹಿಡಿತೈತಿ. ಮೈಯಾಗ ಜ್ವರ ಇದ್ರ ಬ್ಯಾಡ.”

ಅವರು ಹೋದ ಮೇಲೆ, ನೀನು ಎಷ್ಟು ಚಂದ ಸುಳ್ಳು ಹೇಳಿದೆ ಎಂದು ಅವಳನ್ನು ಹೊಗಳಿದೆ.

“ಸುಳ್ಳ ಯಾಕ ಹೇಳ್ಲಿ? ನಾ ದಿನಾ ಮಾಡೂದನ್ನ ಹೇಳಿದೆ,” ಎಂದಳು. “ಮೈ ತೊಳಕೊಳ್ಳದೆ ಬೆಂಕಿ ಮುಟ್ಟಬಾರದಂತ ಅತ್ತಿ ಹೇಳಿದ್ರಲ್ಲ. ಬೆಂಕಿ ಇಲ್ಲದೆ ನನಗ ಬಿಸಿನೀರ ಎಲ್ಲಿಂದ ಬರಬೇಕರಿ?”

ಅದು ನನ್ನ ತಾಯಿಯ ಕಟ್ಟಳೆ. ಬಂಬದ ಬೆಂಕಿಯೂ ಬೆಂಕಿಯೇ ಎಂದು ಇವಳು ತಿಳಿದುಕೊಂಡಿದ್ದಳು. ಮ್ಹೈಸಾಳದಿಂದ ಸೊಸೆಯಾಗಿ ಬಂದ ಮರುದಿನದಿಂದ, ನಲವತ್ತಾರು ವರ್ಷ, ನಸುಕಿನಲ್ಲಿ ತಣ್ಣೀರು ಸ್ನಾನ, ಲಿಂಗಪೂಜೆ, ಆಮೇಲೆ ನನ್ನ ಬಿಸಿನೀರಿಗೆ ಬೆಂಕಿ. ನಾನು ಆ ಹೊತ್ತಿಗೆ ಕೌದಿಯೊಳಗೆ ಇರುತ್ತಿದ್ದೆ. ಅವಳಿಗೆ ನೆಗಡಿಯಾದದ್ದು ನನಗೆ ನೆನಪಿಲ್ಲ. ಜಡೆ ಇವತ್ತಿಗೂ ದಪ್ಪಗಿದೆ. ಸಿಟ್ಟಿನ ವಿಷಯ ಹೇಳುವುದೇ ಬೇಡ, ನನ್ನೊಡನೆ ಬಾಳುತ್ತಿದ್ದಾಳೆ.

ಕ್ಷಮೆ ಗಂಟಲಿನವರೆಗೆ ಬಂತು. ಬಾಯಿಂದ ಹೊರಬಿದ್ದದ್ದು ಬೇರೆ: “ಹಂಗಾದ್ರ ನಾಳಿ ನನಗ ನೀರ ಕಾಯಸ್ತೀಯಲ್ಲ?”

ಕಾಯಿಸಿದಳು.

ಅಣ್ಣಾಸಾಹೇಬರು ಗುಣವಾದ ಮೇಲೆ ಎಲ್ಲವನ್ನೂ ಅವರೆದುರು ಒಪ್ಪಿಕೊಂಡು ಕ್ಷಮೆ ಕೇಳಿದೆ. ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಈಗ ಪಾದದಿಂದ ಶುರುಮಾಡಿ ತಣ್ಣೀರು ಹಾಕಿಕೊಳ್ಳುತ್ತಾರೆ, ಆರಾಮಾಗಿದ್ದಾರೆ. ಕಾಯಿಪಲ್ಲೆಯವಳು ಮಾತ್ರ ಇನ್ನೂ ‘ನಾಜೂಕ ವೈನಿ’ ಎಂದೇ ಕೂಗುತ್ತಾಳೆ. ಅದನ್ನು ತಿದ್ದಬೇಕಾದವನು ನಾನು. ಚೀಲ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ.

ನಾನು ಕ್ಷಮೆ ಕೇಳದೆ ಉಳಿದದ್ದು ಒಬ್ಬಳನ್ನೇ. ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ನಮ್ಮ ಮನೆಯಲ್ಲಿಲ್ಲ. ಇಷ್ಟು ವರ್ಷವೂ “ಏ, ಕೇಳ್ತೇನು” ಎಂದೇ ಕರೆದಿದ್ದೇನೆ. ಇಲ್ಲಿ ಆ ಹೆಸರನ್ನು ಧೈರ್ಯವಾಗಿ ಬರೆಯಬಲ್ಲೆ. ಅವಳು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುತ್ತಾಳೆಯೇ ಹೊರತು ಒಂದಕ್ಷರ ಓದಲು ಬಾರದು. ಅದನ್ನು ನೋಡಿಕೊಂಡೇ ಇದನ್ನು ಕನ್ನಡದಲ್ಲಿ ಬರೆದೆ. ಅವಳ ಹೆಸರು ಚನ್ನವ್ವ.