ನನಗೊಂದು ಸಣ್ಣ ನಾಯಿ ಬೇಕಾಗಿತ್ತು

ಒಂಟಿಯಾಗಿರುವ ಹೆಂಗಸು ಮನೆಗೆ ಹೊಸ ಫ್ರಿಜ್ ತರುತ್ತೇನೆ ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾಯಿ ತರುತ್ತೇನೆ ಎಂದು ಹೇಳಿ ನೋಡಿ, ಪೇಟೆಗೆ ಪೇಟೆಯೇ ಸಲಹೆ ಹಿಡಿದುಕೊಂಡು ಗೇಟಿನ ಮುಂದೆ ಬಂದು ನಿಲ್ಲುತ್ತದೆ. ನಾನು ಆ ಮಾತು ಬಾಯಿಬಿಟ್ಟು ಹೇಳಿ ಏಳೆಂಟು ತಿಂಗಳಾಯಿತು. ಅಂದಿನಿಂದ ಏನಾದರೊಂದು ಎಡವಟ್ಟಾಗದ ವಾರವೇ ಇಲ್ಲ.

ನಾನು ಮೂವತ್ತನಾಲ್ಕು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಮಕ್ಕಳಿಗೆ ಹಾಕಿ ಕಲಿಸಿದೆ, ಸೀಟಿ ಊದಿದೆ, ಬಿಸಿಲಲ್ಲಿ ಅವರ ಜೊತೆ ಓಡಿ ಮೊಣಕಾಲು ಸವೆಸಿಕೊಂಡೆ. ಮದುವೆಯಾಗಲಿಲ್ಲ, ಆಗಬೇಕು ಅಂತ ಅನ್ನಿಸಲೂ ಇಲ್ಲ. ಈಗ ಅರವತ್ತೊಂಬತ್ತು. ಪೊನ್ನಂಪೇಟೆಯಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು ಆರಾಮಾಗಿದ್ದೇನೆ.

ಒಂದು ಸೋಮವಾರ ಗ್ಯಾಸ್ ಸಿಲಿಂಡರಿನವನು ಬಂದು, "ಟೀಚರೇ, ಖಾಲಿದು ಎಲ್ಲಿದೆ?" ಎಂದು ಕೇಳಿದ. ಉತ್ತರ ಕೊಡಲು ಬಾಯಿ ತೆಗೆದರೆ ಕಪ್ಪೆಯ ದನಿ ಬಂತು. "ಗಂಟಲು ಕೆಟ್ಟಿದ್ಯಾ?" ಎಂದ. ಕೆಟ್ಟಿರಲಿಲ್ಲ. ಶನಿವಾರದಿಂದ ನಾನು ಯಾರ ಜೊತೆಯೂ ಒಂದು ಮಾತೂ ಆಡಿರಲಿಲ್ಲ, ಅಷ್ಟೆ. ಮೈದಾನದ ಆ ತುದಿಗೆ ಕೇಳುವಂತೆ ಕೂಗಿದ ಗಂಟಲು ಎರಡೇ ದಿನಕ್ಕೆ ತುಕ್ಕು ಹಿಡಿದಿತ್ತು. ಅವತ್ತೇ ತೀರ್ಮಾನಿಸಿದೆ, ಮನೆಗೊಂದು ಸಣ್ಣ ನಾಯಿ ಬೇಕು.

ಸುಬೇದಾರರ ಆಯ್ಕೆ

ಪಕ್ಕದ ಮನೆಯಲ್ಲಿ ನಿವೃತ್ತ ಸುಬೇದಾರರೂ ಅವರ ಹೆಂಡತಿಯೂ ಇದ್ದಾರೆ. ಸುಬೇದಾರರಿಗೆ ಎಪ್ಪತ್ತನಾಲ್ಕು, ಮೀಸೆ ಮಾತ್ರ ಇನ್ನೂ ಸರ್ವಿಸಿನಲ್ಲಿದೆ. ಬೇಲಿಯ ಬಳಿ ನಿಂತು ವಿಷಯ ಹೇಳಿದೆ.

"ಸಣ್ಣ ನಾಯಿ ಅಂದ್ರೆ ಎಷ್ಟು ಸಣ್ಣದು?"

ಕೈಯಲ್ಲಿ ಅಳತೆ ತೋರಿಸಿದೆ.

"ಟೀಚರೇ, ಅದಕ್ಕೆ ಬೆಕ್ಕು ಅಂತಾರೆ."

ಮರುದಿನ ಬೆಳಿಗ್ಗೆ ಅವರು ತಮ್ಮ ಅಣ್ಣನ ಮಗನ ತೋಟದಿಂದ ಒಂದು ನಾಯಿ ಹಿಡಿದುಕೊಂಡು ಬಂದರು. ನಿಂತರೆ ನನ್ನ ಸೊಂಟಕ್ಕೆ ಬರುತ್ತಿತ್ತು. "ಎರಡು ದಿನ ಇಟ್ಕೊಂಡು ನೋಡಿ. ತೋಟಕ್ಕೆ ಹಂದಿ ಬಂದ್ರೆ ವಾಸನೆಯಲ್ಲೇ ಹಿಡಿದುಬಿಡ್ತಾನೆ" ಎಂದು ಹೊಗಳಿದರು. ನಾನೂ ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ.

ಸಂಜೆ ಅದನ್ನು ವಾಕಿಂಗಿಗೆ ಕರೆದುಕೊಂಡು ಹೊರಟೆ. ಹತ್ತು ಹೆಜ್ಜೆಯ ನಂತರ ಅದೇ ನನ್ನನ್ನು ಕರೆದುಕೊಂಡು ಹೊರಟಿತು. ಬಸ್ ಸ್ಟ್ಯಾಂಡ್ ದಾಟಿತು, ತರಕಾರಿ ಅಂಗಡಿ ದಾಟಿತು. ಎದುರಿಗೆ ಬಂದವರೆಲ್ಲ "ಟೀಚರ್ ಈ ವಯಸ್ಸಿನಲ್ಲೂ ಎಂಥ ಓಟ!" ಎಂದು ಮೆಚ್ಚಿ ದಾರಿ ಬಿಟ್ಟರು. ಒಬ್ಬರಾದರೂ ಹಗ್ಗ ಹಿಡಿಯಲಿಲ್ಲ. ಕೊನೆಗೆ ಅದು ನನ್ನನ್ನು ಎಳೆದುಕೊಂಡು ಹೋಗಿ ನಿಲ್ಲಿಸಿದ್ದು ಹಂದಿ ಮಾಂಸದ ಅಂಗಡಿಯ ಒಳಗೆ.

ನನ್ನ ತಂದೆ ದೇವಸ್ಥಾನದ ಅರ್ಚಕರಾಗಿದ್ದವರು. ನಮ್ಮ ಮನೆಗೆ ಬೆಳ್ಳುಳ್ಳಿಯೇ ಕದ್ದುಮುಚ್ಚಿ ಬರುತ್ತಿತ್ತು. ಅಂಗಡಿಯವನು ನನ್ನ ಹಳೆಯ ಹಾಕಿ ತಂಡದ ಗೋಲ್‌ಕೀಪರ್. ಏದುಸಿರು ಬಿಡುತ್ತ ಕೌಂಟರ್ ಹಿಡಿದುಕೊಂಡು ನಿಂತ ನನ್ನನ್ನು ನೋಡಿ ಕತ್ತಿ ಕೆಳಗಿಟ್ಟ. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ:

"ಟೀಚರೇ, ಯಾರಿಗೂ ಹೇಳಲ್ಲ. ಮೊದಲ ಸಲ ಅಲ್ವಾ, ಅರ್ಧ ಕೆ.ಜಿ. ಸಾಕು."

ಹೆಣ್ಣು, ಅರವತ್ತೊಂಬತ್ತು ವರ್ಷ

ಆ ನಾಯಿಯನ್ನು ತೋಟಕ್ಕೆ ವಾಪಸ್ ಕಳಿಸಿ, ಇನ್ನು ಸರಿಯಾಗಿ ತಿಳಿದವರನ್ನೇ ಕೇಳೋಣ ಎಂದು ಪಶು ಆಸ್ಪತ್ರೆಗೆ ಹೋದೆ. ದೊಡ್ಡ ನಾಯಿಗಳ ಪರವಾಗಿ ವಾದ ಮಾಡಲು ಸುಬೇದಾರರೂ ಜೊತೆಗೆ ಬಂದರು.

ಚೀಟಿ ಬರೆಯುವವನು ತಲೆ ಎತ್ತದೆ ಕೇಳಿದ: "ಗಂಡಾ ಹೆಣ್ಣಾ?"

ನನಗೆ ಸ್ವಲ್ಪ ಆಶ್ಚರ್ಯವಾಯಿತು. ಆದರೂ "ಹೆಣ್ಣು" ಎಂದೆ.

"ವಯಸ್ಸು?"

"ಅರವತ್ತೊಂಬತ್ತು."

ಅವನ ಪೆನ್ನು ಒಂದು ಕ್ಷಣ ನಿಂತಿತು. "ಎಮ್ಮೆನಾ?" ಎಂದು ಕೇಳಿದ. ನಾನು ಉತ್ತರಿಸುವ ಮೊದಲೇ ಹಿಂದಿನಿಂದ ಯಾರದೋ ಆಡು ನನ್ನ ಸೆರಗಿಗೆ ಬಾಯಿ ಹಾಕಿತು. ಅದನ್ನು ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ "ಅಯ್ಯೋ, ಮೊಣಕಾಲು!" ಎಂದೆ. ಅವನು ಅದನ್ನೂ ಬರೆದುಕೊಂಡ.

ಕಾಲು ಗಂಟೆಯ ನಂತರ ಬಾಗಿಲಲ್ಲಿ ನಿಂತು ಕೂಗಿದ: "ಹೆಣ್ಣು, ಅರವತ್ತೊಂಬತ್ತು, ಕಾಲು ನೋವು, ಒಳಗೆ ತನ್ನಿ!"

ಸುಬೇದಾರರು ನನ್ನನ್ನು ಒಳಗೆ ತಂದರು.

ಡಾಕ್ಟರಮ್ಮ ಚಿಕ್ಕ ಪ್ರಾಯದವರು, ತುಂಬ ಸಮಾಧಾನದವರು. ಚೀಟಿ ನೋಡಿ ನಗು ತಡೆದುಕೊಂಡು ಎಲ್ಲ ಕೇಳಿಸಿಕೊಂಡರು. "ಮರಿ ತಗೋಬೇಡಿ ಟೀಚರ್. ರಾತ್ರಿ ನಾಲ್ಕು ಸಲ ಎಬ್ಬಿಸುತ್ತೆ, ಕಾಲಿಗೆ ಸಿಕ್ಕಿಕೊಳ್ಳುತ್ತೆ. ಐದಾರು ವರ್ಷದ್ದು ನೋಡಿ, ಸ್ವಭಾವ ಗೊತ್ತಿರುತ್ತೆ. ನೀವು ಎತ್ತಿಕೊಳ್ಳೋಷ್ಟೇ ತೂಕ ಇರಲಿ. ಇನ್ನೊಂದು ವಿಷಯ, ಬೇಜಾರು ಮಾಡ್ಕೋಬಾರದು. ನಾಳೆ ನೀವು ಆಸ್ಪತ್ರೆ ಸೇರಿದ್ರೆ, ಅಥವಾ... ನಿಮ್ಮ ನಂತರ, ಅದನ್ನು ಯಾರು ನೋಡ್ಕೊಳ್ತಾರೆ? ಒಂದು ಹೆಸರು ಹೇಳಿ."

ಬೇಜಾರೇನೂ ಆಗಲಿಲ್ಲ. ಆದರೆ ತಕ್ಷಣ ಬಾಯಿಗೆ ಒಂದು ಹೆಸರೂ ಬರಲಿಲ್ಲ.

ಆಗ ಸುಬೇದಾರರು ಎದ್ದು ನಿಂತು, "ನನ್ನ ಹೆಸರು ಬರ್ಕೊಳ್ಳಿ!" ಎಂದರು. ಸಣ್ಣ ನಾಯಿ ಎಂದರೆ ಮೂಗು ಮುರಿಯುವವರು ಹಾಗೆ ಎದ್ದು ನಿಂತದ್ದು ನೋಡಿ ನಾನೂ ಎದ್ದು ನಿಂತೆ.

"ನಿಮ್ಮ ವಯಸ್ಸು ಸಾರ್?"

"ಎಪ್ಪತ್ತನಾಲ್ಕು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಮನೆಯವರಿಗೆ?"

"ಅರವತ್ತು."

"ಅವರ ಹೆಸರು ಹೇಳಿ."

ಮನೆಯ ಗೇಟಿನ ಹತ್ತಿರ ಸುಬೇದಾರರು ನಿಂತು ಹೇಳಿದರು: "ಸೈನ್ಯದವರು ಒಂದು ಸಲ ರಿಟೈರ್ ಮಾಡಿದ್ರು ಟೀಚರೇ. ಇವತ್ತು ಪೂರ್ತಿ ಆಯ್ತು."

ಪಾಲಿಬೆಟ್ಟದ ಇಂಟರ್‌ವ್ಯೂ

ಹೇಳಿದ್ದನ್ನು ಕೇಳುವುದು ಟೀಚರುಗಳಿಗೆ ಬರುವುದಿಲ್ಲ. ಪಾಲಿಬೆಟ್ಟದ ಒಂದು ಎಸ್ಟೇಟ್ ಬಂಗಲೆಯಲ್ಲಿ ಗಿಡ್ಡ ಕಾಲಿನ ಮರಿಗಳಿವೆ ಎಂದು ಯಾರೋ ಫೋಟೋ ಕಳಿಸಿದರು. ಒಂದು ಮರಿ ನನ್ನನ್ನೇ ನೋಡುತ್ತಿತ್ತು. ಮರುದಿನವೇ ಹೊರಟೆ.

ಬಂಗಲೆಯ ಮೇಡಂ ನನ್ನನ್ನು ವರಾಂಡದಲ್ಲಿ ಕೂರಿಸಿದರು. ಮರಿಯನ್ನು ತಮ್ಮ ತೊಡೆಯ ಮೇಲೆ ಕೂರಿಸಿಕೊಂಡು, ಕನ್ನಡಕ ಹಾಕಿಕೊಂಡು, ಒಂದು ಪ್ಯಾಡ್ ತೆಗೆದರು. ಕಾಂಪೌಂಡಿಗೆ ಬೇಲಿ ಇದೆಯಾ, ಸೋಫಾದ ಮೇಲೆ ಹತ್ತಲು ಬಿಡುತ್ತೀರಾ, ಕೋಪ ಬರುತ್ತದಾ ಎಂದೆಲ್ಲ ಕೇಳಿದರು. ನನ್ನ ಕೆಲಸದ ಇಂಟರ್‌ವ್ಯೂ ಇದರ ಅರ್ಧವೂ ಇರಲಿಲ್ಲ. ಕೊನೆಗೆ, "ನಿಮ್ಮನ್ನು ಚೆನ್ನಾಗಿ ಬಲ್ಲವರ ನಂಬರ್ ಒಂದು ಕೊಡಿ" ಎಂದರು.

ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ ಈಗ ದೊಡ್ಡ ಅಧಿಕಾರಿ. ಹೆಮ್ಮೆಯಿಂದ ಅವಳ ನಂಬರ್ ಕೊಟ್ಟೆ. ಮೇಡಂ ಅಲ್ಲಿಯೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ಅಯ್ಯೋ, ನಮ್ಮ ಟೀಚರಾ? ಅಂಥವರು ಸಿಗೋದೇ ಇಲ್ಲ ಮೇಡಂ!" ಎಂದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತೆ. "ಏನು ಶಿಸ್ತು! ಒಂದು ನಿಮಿಷ ತಡವಾದ್ರೂ ಗ್ರೌಂಡಿಗೆ ಹತ್ತು ಸುತ್ತು. ಮಳೆ ಬಂದ್ರೂ ಬಿಡ್ತಿರಲಿಲ್ಲ. ಅತ್ತರೆ ಇನ್ನೆರಡು ಸುತ್ತು!"

ಮೇಡಂ ಫೋನ್ ಇಟ್ಟರು. ಮರಿಯ ಗಿಡ್ಡ ಕಾಲುಗಳನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು.

"ಕಾಫಿ ಕುಡಿದು ಹೋಗಿ" ಎಂದರು.

ಯಾವ ಕಾರಿನದು

ತಿಂಗಳ ನಂತರ ಡಾಕ್ಟರಮ್ಮನೇ ಫೋನ್ ಮಾಡಿದರು. ಸಂಪಾಜೆಯಲ್ಲಿ ಹೆದ್ದಾರಿಯ ಪಕ್ಕ ಚಹಾದಂಗಡಿ ನಡೆಸುವ ಒಬ್ಬ ಅಕ್ಕನಿಗೆ ವಯಸ್ಸಾಗಿದೆ, ಅಂಗಡಿ ಮುಚ್ಚಿ ಮಡಿಕೇರಿಯ ತಂಗಿಯ ಮನೆಗೆ ಹೋಗುತ್ತಿದ್ದಾರೆ, ತಂಗಿಗೆ ನಾಯಿಯ ಕೂದಲು ಕಂಡರೆ ಸೀನು, ಆರು ವರ್ಷದ ಹೆಣ್ಣು ನಾಯಿಗೆ ಮನೆ ಬೇಕು ಎಂದರು.

ಎರಡು ಬಸ್ಸು ಹಿಡಿದು, ಘಾಟಿ ಇಳಿದು ಹೋದೆ. ನಾಯಿಯ ಹೆಸರು ಸುಂದರಿ. ಒಂದು ಕಿವಿ ಮೇಲೆ, ಒಂದು ಕೆಳಗೆ. ಕೆಳಗಿನ ಒಂದು ಹಲ್ಲು ಯಾವಾಗಲೂ ಹೊರಗೆ. ಬೆನ್ನು ಉದ್ದ, ಬಾಲ ಯಾವುದೋ ಬೇರೆ ನಾಯಿಯದ್ದು. ನಾನು ಬೆಂಚಿನ ಮೇಲೆ ಕುಳಿತೆ. ಅದು ಬಂದು ಮೂಸಿತು, ಯೋಚಿಸಿತು, ಆಮೇಲೆ ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗಿತು. ನನ್ನ ಕಾಲಿನ ಮೇಲೆ ಅಷ್ಟು ನಂಬಿಕೆಯಿಂದ ಭಾರ ಬಿಟ್ಟವರು ಬಹಳ ವರ್ಷಗಳಿಂದ ಯಾರೂ ಇರಲಿಲ್ಲ.

ಅಕ್ಕನ ಮನೆಮಾತು ಅರೆಭಾಷೆ. ನನಗಾಗಿ ಕನ್ನಡ ಬೆರೆಸಿ ಮಾತಾಡಿದರು. "ಗುಡುಗಿಗೆ ಹೆದ್ರಿಕೆ ಉಟ್ಟು ಅದ್ಕೆ. ಬೇರೆ ಎಂತದೂ ಇಲ್ಲೆ" ಎಂದರು. ಒಂದು ಸ್ಟೀಲ್ ತಟ್ಟೆ, ಒಂದು ಹಳೆಯ ಶಾಲು ಕಟ್ಟಿಕೊಟ್ಟರು. ಇನ್ನೇನು ಹೊರಡಬೇಕು ಎನ್ನುವಾಗ ಶಾಲನ್ನು ಬಿಚ್ಚಿ ಮತ್ತೊಮ್ಮೆ ಮಡಿಸಿದರು. ಮತ್ತೆ ಬಿಚ್ಚಿದರು. ನಾನು ಬೇಗ ಮಾತು ಬದಲಿಸಬೇಕು ಎಂದುಕೊಂಡು ಕೇಳಿದೆ: "ಇದು ಯಾವ ತಳಿ ಅಕ್ಕ?"

ಅಕ್ಕ ರಸ್ತೆಯ ಕಡೆ ನೋಡಿದರು.

"ಮಡಿಕೇರಿಗೆ ಹೋಗುವ ಕಾರು, ಮಂಗಳೂರಿಗೆ ಹೋಗುವ ಕಾರು, ಎಲ್ಲ ಇಲ್ಲಿ ಚಹಾಕ್ಕೆ ನಿಲ್ತದೆ ಟೀಚರೇ. ಇದರಮ್ಮ ಇಲ್ಲಿಯದ್ದೇ. ಅಪ್ಪ ಯಾವ ಕಾರಿನದು ಅಂತ ಹೇಗೆ ಹೇಳುದು?"

ಇಲ್ಲೇ ಇರು

ಮೊದಲ ನಾಲ್ಕು ದಿನ ಸುಂದರಿ ನನ್ನನ್ನು ಅಳಿಸಿದಳು. ಪ್ರೀತಿಯಿಂದ "ಇಲ್ಲೇ ಇರು ಸುಂದರಿ" ಎನ್ನುತ್ತೇನೆ, ಎದ್ದು ಹೊರಗೆ ಹೋಗುತ್ತಾಳೆ. ಮೆತ್ತನೆಯ ಹಾಸಿಗೆ ಹಾಕಿ "ಇಲ್ಲೇ ಮಲಗು" ಎನ್ನುತ್ತೇನೆ, ಮುಖ ಇಳಿಸಿಕೊಂಡು ಗೇಟಿನ ಹತ್ತಿರ ಹೋಗಿ ಮಲಗುತ್ತಾಳೆ. ತಟ್ಟೆ ತುಂಬ ಮೊಸರನ್ನ ಕಲಸಿಟ್ಟು "ಇಲ್ಲೇ ತಿನ್ನು" ಎಂದರೆ ತಟ್ಟೆಯನ್ನೂ ನೋಡುತ್ತಾಳೆ, ನನ್ನನ್ನೂ ನೋಡುತ್ತಾಳೆ, ಮೋಸ ಹೋದವರ ಹಾಗೆ ನಿಟ್ಟುಸಿರು ಬಿಟ್ಟು ಹೊರಡುತ್ತಾಳೆ. ನನ್ನನ್ನು ಕಂಡರೆ ಇಷ್ಟವಿಲ್ಲ ಎಂದೇ ತಿಳಿದೆ. ಐದನೆಯ ದಿನ ಸೋತು ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ನಕ್ಕು ನಕ್ಕು ಕೆಮ್ಮಿದರು. "ಟೀಚರೇ, ನಮ್ಮಲ್ಲಿ 'ಇಲ್ಲೆ' ಅಂದ್ರೆ 'ಇಲ್ಲ' ಅಂತ! ಅಂಗಡಿಯಲ್ಲಿ ತಿಂಡಿ ಮುಗಿದ್ರೆ ನಾನು 'ಇಲ್ಲೆ, ಹೋಗು' ಅಂತಿದ್ದೆ. ನೀವು ದಿನಕ್ಕೆ ಇಪ್ಪತ್ತು ಸಲ ಅದನ್ನು ಇಲ್ಲ ಇಲ್ಲ ಅಂತ ಓಡಿಸ್ತಾ ಇದ್ದೀರಿ. 'ಊಟ ಉಟ್ಟು' ಅಂತ ಕರೀರಿ, ಊಟ ಇದೆ ಅಂತ."

ಹಿತ್ತಿಲ ಬಾಗಿಲಲ್ಲಿ ನಿಂತು, ಮೈದಾನದ ಗಂಟಲಿನಲ್ಲಿ "ಊಟ ಉಟ್ಟೂ!" ಎಂದು ಕೂಗಿದೆ. ಗೇಟಿನಿಂದ ಸುಂದರಿ ಬಂದ ರಭಸಕ್ಕೆ ನಾನು ಗೋಡೆ ಹಿಡಿದುಕೊಂಡೆ. ತಟ್ಟೆ ನೆಕ್ಕಿ ಹೊಳಪು ಬರಿಸಿ, ಮೊದಲ ಬಾರಿಗೆ ಮನೆಯೊಳಗೇ ಮಲಗಿದಳು. ಅಂದಿನಿಂದ ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ ನನ್ನ ಕೂಗು.

ವಾರದ ನಂತರ ಅದೇ ಹೊತ್ತಿಗೆ ಸುಬೇದಾರರು ಕೈತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ದಿನಾ ಅಷ್ಟು ಜೋರಾಗಿ ಕರೀತೀರಿ, ಬರದೇ ಇದ್ರೆ ಚೆನ್ನಾಗಿರಲ್ಲ ಅಂತ ಹೆಂಡತಿ ಬೈದಳು. ಏನು ಸಾರು?"

ಬಸ್ಸಿನಲ್ಲಿ

ಮೂರು ತಿಂಗಳು ಕಳೆಯಿತು. ಒಂದು ದಿನ ಅಕ್ಕ ಫೋನ್ ಮಾಡಿ, "ಒಮ್ಮೆ ನೋಡಿ ಹೋಗ್ತೇನೆ" ಎಂದರು. "ಬನ್ನಿ ಬನ್ನಿ" ಎಂದೆ. ಫೋನ್ ಇಟ್ಟ ಮೇಲೆ ಹೆದರಿಕೆ ಶುರುವಾಯಿತು. ಸುಂದರಿ ಅವರ ಹಿಂದೆಯೇ ಹೊರಟುಬಿಟ್ಟರೆ? ಆರು ವರ್ಷ ಸಾಕಿದವರು, ನನ್ನದು ಮೂರು ತಿಂಗಳು. ತಡೆಯಲು ನನಗೇನು ಹಕ್ಕು?

ಅಕ್ಕ ಬಂದರು. ಸುಂದರಿ ಕುಣಿದಳು, ಉರುಳಿದಳು, ಅವರ ಮುಖವೆಲ್ಲ ನೆಕ್ಕಿದಳು. ಇಡೀ ಮಧ್ಯಾಹ್ನ ಅವರ ಸೀರೆ ಬಿಟ್ಟು ಅಲುಗಲಿಲ್ಲ. ನಾನು ನಗುನಗುತ್ತಲೇ ಬಡಿಸಿದೆ. ನನಗೆ ಮಾತ್ರ ಊಟ ಸೇರಲಿಲ್ಲ. ಅಕ್ಕ ಅದನ್ನು ನೋಡಿದರು.

ಸಂಜೆ ಮಡಿಕೇರಿ ಬಸ್ಸು ಹತ್ತಿಸಲು ಹೋದೆವು. ಅಕ್ಕ ಹತ್ತಿ ಕುಳಿತರು. ಮರುಕ್ಷಣ ಸುಂದರಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಹತ್ತಿ ಅವರ ತೊಡೆಯ ಮೇಲೆ ಕುಳಿತಳು. ಇಳಿಸಿಕೊಂಡು ಬರೋಣ ಎಂದು ನಾನು ಹತ್ತಿದೆ. ಅಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಅಕ್ಕನ ಪಕ್ಕದಲ್ಲಿ ಕುಳಿತೆ.

ಕಂಡಕ್ಟರ್ ಬಂದ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ, ಆಧಾರ್ ತೋರಿಸಿದರೆ ಸಾಕು. ಅಕ್ಕ ತೋರಿಸಿದರು. ನಾನು ಪರ್ಸಿನಲ್ಲಿ ಹುಡುಕತೊಡಗಿದೆ.

"ನಿಮ್ಮಿಬ್ಬರಿಗೆ ಫ್ರೀ. ನಾಯಿಗೆ ಟಿಕೆಟ್ ತಗೊಳ್ಳಿ" ಎಂದ.

"ಎಂತಕ್ಕೆ?" ಎಂದರು ಅಕ್ಕ. "ಇದೂ ಹೆಣ್ಣೇ ಅಲ್ವಾ?"

ಹಿಂದಿನ ಸೀಟಿನ ಹೆಂಗಸರೆಲ್ಲ ಒಕ್ಕೊರಲಿನಿಂದ "ಹೌದಲ್ಲ, ಹೆಣ್ಣೇ!" ಎಂದರು. ಕಂಡಕ್ಟರೂ ಕಡಿಮೆಯವನಲ್ಲ. "ಆಯ್ತು, ಒಪ್ಪಿದೆ. ಹೆಣ್ಣು ಅಂದ್ರೆ ಆಧಾರ್ ಬೇಕಲ್ಲ? ಎಲ್ಲಿ ಇದರ ಆಧಾರ್?"

ಅಕ್ಕ ಸುಂದರಿಯ ತಲೆ ಸವರಿದರು. ಆಮೇಲೆ ಎರಡೂ ಕೈಯಲ್ಲಿ ಅವಳನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿ, ಬೆರಳು ತೋರಿಸಿ ಹೇಳಿದರು:

"ಇದರ ಆಧಾರ ಇವರೇ."

ಸುಂದರಿ ನನ್ನ ಸೆರಗಿನ ಮೇಲೆ ಮೂತಿ ಇಟ್ಟು ಮಲಗಿದಳು. ನನಗೆ ಬಸ್ಸಿನಲ್ಲಿ ಏನೂ ಕಾಣಿಸದ ಹಾಗಾಯಿತು. ಅಷ್ಟು ಹೊತ್ತಿಗೆ ಸಿಕ್ಕಿದ ನನ್ನ ಕಾರ್ಡನ್ನು ಹಾಗೆಯೇ ಕಂಡಕ್ಟರನ ಕೈಗೆ ಕೊಟ್ಟೆ. ಅವನು ಅದರಲ್ಲಿದ್ದ ಫೋಟೋ ನೋಡಿದ. ನನ್ನನ್ನು ನೋಡಿದ. ಬಗ್ಗಿ ಸುಂದರಿಯ ಮುಖವನ್ನು ಚೆನ್ನಾಗಿ ನೋಡಿದ. ಮತ್ತೊಮ್ಮೆ ಫೋಟೋ ನೋಡಿದ.

"ಇದು ನಾಯಿಗೇ ಸರಿಹೋಗುತ್ತೆ ಟೀಚರೇ" ಎಂದ. "ಟಿಕೆಟ್ ನೀವು ತಗೊಳ್ಳಿ."