ನಮ್ಮ ಹೊಳೆಗೂ ಉಬ್ಬರವಿಳಿತ ಉಂಟು!

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವಳಿಗೆ ಒಂದು ಹೊಳೆಯ ನೀರು ಅಳೆಯುವುದು ಯಾವ ದೊಡ್ಡ ವಿಷಯ? ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಲಿಲ್ಲ. ಕೇಳಿದ್ದರೆ ಯಾರಾದರೂ ಉತ್ತರ ಹೇಳುತ್ತಿದ್ದರು, ನಾನು ಬಚಾವಾಗುತ್ತಿದ್ದೆ.

ಸುಳ್ಯದಿಂದ ಸಂಪಾಜೆಗೆ ಹೋಗುವ ದಾರಿಯಲ್ಲಿ, ನಮ್ಮ ಮನೆಯ ಕೆಳಗೆ, ಗುಡ್ಡದಿಂದ ಇಳಿದು ಬರುವ ಹೊಳೆಯೊಂದಿದೆ. ಮಳೆ ನಿಂತ ಮೇಲೆ ಅಕ್ಕಪಕ್ಕದವರೆಲ್ಲ ಸೇರಿ ಅದಕ್ಕೆ ಅಡ್ಡಲಾಗಿ ಮರಳಿನ ಚೀಲ ಪೇರಿಸಿ ಕಟ್ಟ ಹಾಕುತ್ತೇವೆ. ಮೇಲೆ ನೀರು ನಿಲ್ಲುತ್ತದೆ, ತೋಟ ಉಳಿಯುತ್ತದೆ. ಕಟ್ಟದ ಕೆಳಗೆ ಒಂದು ಗುಂಡಿ, ಅದರಲ್ಲಿ ಕೈಯುದ್ದದ ಮೀನುಗಳು. ಕಳೆದ ಬೇಸಿಗೆಯಲ್ಲಿ ಆ ಗುಂಡಿ ಬತ್ತಿ, ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ನಾನು ದಂಡೆಯಲ್ಲಿ ನಿಂತು ಅತ್ತುಬಿಟ್ಟೆ. ಮೀನು ಸಾರಿಲ್ಲದೆ ಊಟ ಮಾಡದವಳು ಮೀನಿಗಾಗಿ ಅತ್ತಳೆಂದು ಊರಲ್ಲಿ ದೊಡ್ಡ ಸುದ್ದಿಯಾಯಿತು!

ಹಾಗಾಗಿ ಈ ಸಲ ಕಟ್ಟದ ಮಾತುಕತೆಗೆ ಎಲ್ಲರೂ ನಮ್ಮ ಜಗಲಿಯಲ್ಲಿ ಸೇರಿದಾಗ ಎದ್ದು ನಿಂತೆ. "ಈ ವರ್ಷ ಮೀನಿಗೂ ನೀರು ಬಿಡಬೇಕು."

ಕಟ್ಟದ ಉಸ್ತುವಾರಿ ಕುಶಾಲಪ್ಪಣ್ಣನದ್ದು. ಹೊಳೆಯಲ್ಲಿ ನಮ್ಮಿಂದ ಕೆಳಗಿನ ಮನೆಯವರು. ಎಲೆ ಅಡಿಕೆ ಜಗಿಯುತ್ತಲೇ ಕೇಳಿದರು: "ಬಿಡುವಾ ಟೀಚರೇ. ಎಷ್ಟು ಬಿಡುದು? ಒಂದು ಲೆಕ್ಕ ಹೇಳಿ. ಲೆಕ್ಕ ಇಲ್ಲದಿದ್ದರೆ ಪೂರ್ತಿ ಕಟ್ಟುದೇ."

"ಹತ್ತು ದಿನ ಕೊಡಿ!" ಎಂದೆ. ನಮ್ಮನೆಯವರು ಮೂಲೆಯಲ್ಲಿ ನಿಟ್ಟುಸಿರು ಬಿಟ್ಟರು.

ಮೊಬೈಲಿನಲ್ಲಿ ನೋಡಿದರೆ ವಿಧಾನ ಬಹಳ ಸರಳ. ತೇಲುವ ವಸ್ತುವೊಂದನ್ನು ಬಿಡುವುದು, ಇಷ್ಟು ದೂರ ಹೋಗಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡುವುದು, ಅದನ್ನು ಅಗಲಕ್ಕೂ ಆಳಕ್ಕೂ ಗುಣಿಸುವುದು. ಹಿಂದಿಯ ಸ್ತ್ರೀಲಿಂಗ ಪುಲ್ಲಿಂಗಕ್ಕಿಂತ ಎಷ್ಟೋ ಸುಲಭ! ನಮ್ಮನೆಯವರನ್ನು ಮೊಬೈಲು ಕೊಟ್ಟು ಕೆಳಗೆ ನಿಲ್ಲಿಸಿ, ಮೇಲಿನಿಂದ ಒಂದು ತೆಂಗಿನಕಾಯಿ ಬಿಟ್ಟೆ.

"ಬಂತಾ?"

"ಇಲ್ಲ!"

ಇನ್ನೊಂದು ಬಿಟ್ಟೆ. ಮತ್ತೊಂದು ಬಿಟ್ಟೆ. ಮೂರೂ ಬರಲಿಲ್ಲವಂತೆ. ಹೋಗಿ ನೋಡಿದರೆ ಮನುಷ್ಯ ಮೊಬೈಲಿನಲ್ಲಿ ಓಡುವ ಸೆಕೆಂಡುಗಳನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದಾರೆ!

"ನಾನು ಸಮಯ ನೋಡುದಾ, ಕಾಯಿ ನೋಡುದಾ? ಒಂದು ಹೇಳು ಮಾರಾಯ್ತಿ!"

ಸಂಜೆ ಕುಶಾಲಪ್ಪಣ್ಣ ಫೋನ್ ಮಾಡಿದರು. "ಟೀಚರೇ, ಹೊಳೆಯಲ್ಲಿ ಮೂರು ಕಾಯಿ ಬಂತು. ನಿಮ್ಮದಾ?"

"ಅಲ್ಲ," ಎಂದೆ. ಕಾಯಿಗಿಂತ ಮರ್ಯಾದೆ ದೊಡ್ಡದು.

ಮರುದಿನ ಆಳ ಅಳೆಯಲು ಬಿದಿರಿನ ಕೋಲಿಗೆ ಗೆರೆ ಹಾಕಿಕೊಂಡು ಹೊಳೆಗಿಳಿದೆ. ಪಾಚಿ ಹಿಡಿದ ಕಲ್ಲು. ಎರಡನೇ ಹೆಜ್ಜೆಗೇ ನಾನು ನೀರಿನಲ್ಲಿ ಕುಳಿತಾಗಿತ್ತು. ಕೋಲು ತೇಲಿ ಹೋಯಿತು. ಅದು ಹೋದ ವೇಗವನ್ನು ನಮ್ಮನೆಯವರು ಸೆಕೆಂಡು ಸಮೇತ ಬರೆದುಕೊಂಡರು. ಇಡೀ ಸಂಶೋಧನೆಯಲ್ಲಿ ವೇಗದ ಸರಿಯಾದ ಲೆಕ್ಕವೆಂದರೆ ಅದೊಂದೇ!

ಕೊನೆಗೆ ವೇಗವನ್ನು ಕೈಬಿಟ್ಟು ಮೀನನ್ನೇ ನೋಡುತ್ತ ಕುಳಿತೆ. ಗುಂಡಿಯ ಬಾಯಲ್ಲಿ ಕಲ್ಲುಗಳ ಒಂದು ಸಾಲು. ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ. ಮೀನುಗಳು ಅಲ್ಲಿವರೆಗೆ ಬಂದು, ಹೊರಳಿ, ವಾಪಸು ಹೋಗುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ನೋಡುತ್ತಿದ್ದಂತೆ ನೀರು ಏರಿತು! ಒಂದು ಗೇಣು ಆದದ್ದೇ ತಡ, ಮೀನುಗಳು ಒಂದರ ಹಿಂದೆ ಒಂದು ಕಲ್ಲು ದಾಟಿ ಹೋದವು. ಆ ಮಟ್ಟಕ್ಕೆ ಬಂಡೆಯ ಮೇಲೆ ಕೆಂಪು ಪೇಂಟಿನಲ್ಲಿ ಗೆರೆ ಎಳೆದೆ.

ದಿನಾ ಹೀಗೆಯೇ. ಹನ್ನೊಂದರವರೆಗೆ ಇಳಿತ, ಆಮೇಲೆ ಉಬ್ಬರ. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ! ರಾತ್ರಿಯಿಡೀ ಯೋಚಿಸಿದೆ. ನಮ್ಮ ಹೊಳೆ ಪಯಸ್ವಿನಿಗೆ ಸೇರುತ್ತದೆ, ಪಯಸ್ವಿನಿ ಕಾಸರಗೋಡಿನ ಕಡಲಿಗೆ ಸೇರುತ್ತದೆ. ಕಡಲಿನ ಗುಣ ಸ್ವಲ್ಪವಾದರೂ ಬಾರದೆ ಇರುತ್ತದೆಯೇ? ಏಳು ದಿನದ ಏರಿಳಿತವನ್ನು, ಮೀನು ದಾಟಿದ ಮಟ್ಟವನ್ನೂ ಸೇರಿಸಿ, ಬಣ್ಣದ ಪೆನ್ನಿನಲ್ಲಿ ಡ್ರಾಯಿಂಗ್ ಶೀಟಿನ ಮೇಲೆ ಬಿಡಿಸಿದೆ.

ಹತ್ತನೆಯ ದಿನ ಜಗಲಿ ತುಂಬಿತ್ತು. ಗಂಟಲು ಸರಿಪಡಿಸಿಕೊಂಡು, "ಮಾನ್ಯರೇ, ಗುಡ್ಡದ ಹೊಳೆಗಳಲ್ಲಿಯೂ ಉಬ್ಬರವಿಳಿತಗಳಿವೆ ಎಂಬ ಸತ್ಯವನ್ನು ಈ ಮೂಲಕ ಪ್ರಕಟಿಸುತ್ತಿದ್ದೇನೆ," ಎಂದೆ.

ಕುಶಾಲಪ್ಪಣ್ಣ ಎದ್ದು ಹೋಗಿ ಎಲೆ ಅಡಿಕೆ ಉಗುಳಿ ಬಂದರು. "ಟೀಚರೇ, ನಮ್ಮಲ್ಲಿ ತ್ರೀ ಫೇಸ್ ಕರೆಂಟು ಎಷ್ಟು ಗಂಟೆಗೆ ಹೋಗುದು?"

"ಹನ್ನೊಂದಕ್ಕೆ... "

ಹೇಳುತ್ತಿದ್ದಂತೆ ನನಗೆ ಹೊಳೆಯಿತು. ಕರೆಂಟು ಇರುವಷ್ಟು ಹೊತ್ತು ಮೇಲಿನ ಪಂಪುಗಳೆಲ್ಲ ಒಟ್ಟಿಗೆ ಹೊಳೆಯನ್ನು ಹೀರುತ್ತವೆ. ಕರೆಂಟು ಹೋದರೆ ಹೊಳೆ ಉಬ್ಬುತ್ತದೆ. ಅಷ್ಟೇ! ನಮ್ಮ ಪಂಪಿಗೆ ಆಟೋ ಸ್ಟಾರ್ಟರ್, ತಾನೇ ಓಡತೊಡಗುತ್ತದೆ, ತಾನೇ ನಿಲ್ಲುತ್ತದೆ. ಪಂಪಿನ ಶೆಡ್ಡಿಗೆ ನಾನು ಕಾಲಿಟ್ಟವಳೇ ಅಲ್ಲ. ಜಗಲಿ ನಕ್ಕ ನಗುವಿಗೆ ಹೆಂಚು ಹಾರಬೇಕಿತ್ತು!

ನಮ್ಮನೆಯವರ ಕಡೆ ಕಣ್ಣು ಕೆಕ್ಕರಿಸಿದೆ. "ನಿಮಗೆ ಗೊತ್ತಿತ್ತಾ?"

"ನಿನಗೂ ಗೊತ್ತುಂಟು ಅಂತ ಎಣಿಸಿದೆ ಮಾರಾಯ್ತಿ!"

ನಾಚಿಕೆಯಿಂದ ಶೀಟು ಸುತ್ತಿಡಲು ಹೊರಟಾಗ ಕುಶಾಲಪ್ಪಣ್ಣ ತಡೆದರು. ಹಾಳೆಯ ಮೇಲೆ ಬೆರಳಿಟ್ಟು ತುಂಬ ಹೊತ್ತು ನೋಡಿದರು. "ಪಂಪು ಗೊತ್ತಿತ್ತು. ಆದರೆ ಈ ಮೀನು ದಾಟುದು, ದಾಟದೆ ಇರುದು, ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಲೆಕ್ಕ ಕೇಳಿದ್ದು ನಾನು. ಲೆಕ್ಕ ಇಲ್ಲಿ ಉಂಟು. ಒಂದು ಗೇಣು."

ನಗು ನಿಂತಿತು. ಅಲ್ಲೇ ತೀರ್ಮಾನವಾಯಿತು. ಕಟ್ಟದ ಬುಡದಲ್ಲಿ ಎರಡು ದೊಡ್ಡ ಪೈಪು ಇಟ್ಟು ನೀರು ಬಿಡುವುದು. ಎಲ್ಲ ಪಂಪುಗಳೂ ಒಟ್ಟಿಗೆ ಓಡದೆ ಪಾಳಿಯಲ್ಲಿ ಓಡುವುದು. ನೀರು ಕೆಂಪು ಗೆರೆಗಿಂತ ಇಳಿದರೆ ಮೊದಲು ಎಲ್ಲಕ್ಕಿಂತ ದೊಡ್ಡ ಪಂಪು ನಿಲ್ಲಿಸುವುದು. ಎಲ್ಲಕ್ಕಿಂತ ದೊಡ್ಡ ಪಂಪು ಯಾರದ್ದೆಂದು ನಾನೇ ಜೋರಾಗಿ ಕೇಳಿದೆ. ಕೇಳಬಾರದಿತ್ತು. ನಮ್ಮದೇ!

ಬೇಸಿಗೆ ಬಂತು. ಏಪ್ರಿಲ್ ಕಳೆದರೂ ಗುಂಡಿ ಬತ್ತಲಿಲ್ಲ. ಒಂದು ಮೀನೂ ಸಾಯಲಿಲ್ಲ, ಒಂದು ತೋಟವೂ ಒಣಗಲಿಲ್ಲ! ಗೆರೆಯ ಹತ್ತಿರ ಮೀನುಗಳು ದಾಟುವುದನ್ನು ನೋಡುತ್ತ ನಾನು ಮತ್ತೆ ಅತ್ತೆ. ಈ ಸಲ ಖುಷಿಗೆ. ಇಡೀ ಜನ್ಮದಲ್ಲಿ ಇಂಥ ಗೆಲುವು ನನಗೆ ಸಿಕ್ಕಿರಲಿಲ್ಲ.

ಸುದ್ದಿ ಹಬ್ಬಿ, ಕಡಬದ ಕಡೆಯಿಂದ ಹತ್ತಾರು ಕೃಷಿಕರು ನಮ್ಮ ಕಟ್ಟ ನೋಡಲು ಬಂದರು. ಹೊಸ ಸೀರೆ ಉಟ್ಟು ಬಂಡೆಯ ಪಕ್ಕ ನಿಂತಿದ್ದೆ. ಅವರಲ್ಲೊಬ್ಬರು, "ಇದನ್ನು ಕಂಡುಹಿಡಿದದ್ದು ಯಾರು ಮಾರಾಯ್ರೆ?" ಎಂದು ಕೇಳಿದರು. ಕುಶಾಲಪ್ಪಣ್ಣ ಬಹಳ ಅಭಿಮಾನದಿಂದ ನನ್ನ ಕಡೆ ಕೈ ತೋರಿಸಿದರು.

"ನಮ್ಮ ಟೀಚರು! ಕರೆಂಟು ಹೋದರೆ ಪಂಪು ನಿಲ್ಲುತ್ತದೆ ಅಂತ ಹನ್ನೊಂದು ದಿನ ಹೊಳೆಯಲ್ಲಿ ಕೂತು ಕಂಡುಹಿಡಿದದ್ದು!"

ನಾನು ಸುಮ್ಮನಿರಬಹುದಿತ್ತು. ಆದರೆ ಸಂಶೋಧಕಿಯ ಗೌರವದ ಪ್ರಶ್ನೆ. ಎಲ್ಲರಿಗೂ ಕೇಳುವ ಹಾಗೆ ತಿದ್ದಿದೆ: "ಹನ್ನೊಂದಲ್ಲ, ಏಳೇ ದಿನ!"