ಅಟ್ಟದ ಮೇಲಿನ ತಕರಾರು

ಮಂದಿಯ ಮನೆ ಮಾರಿಸುವುದೇ ನನ್ನ ಕಸುಬು. ತಿಪಟೂರಿನ ನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ ಬರೆದೂ ಬರೆದೂ ‘ಸದರಿ ಸ್ವತ್ತಿನ ಮೇಲೆ ಯಾವ ತಂಟೆ ತಕರಾರೂ ಇರುವುದಿಲ್ಲ’ ಎಂಬ ಸಾಲು ನನಗೆ ಊಟದ ನಡುವೆಯೂ ಬಾಯಿಗೆ ಬರುತ್ತದೆ. ಅಂಥ ನನಗೆ ನನ್ನದೇ ಒಂದು ಮನೆ ಮಾರಲು ಮೂರು ವರ್ಷದಿಂದ ಆಗಿಲ್ಲ. ಹೇಳಿಕೊಳ್ಳಲು ನಾಚಿಕೆ. ಆದರೂ ಹೇಳುತ್ತೇನೆ, ಹೇಗಿದ್ದರೂ ಇಡೀ ಬೀದಿಗೆ ಗೊತ್ತಿದೆ.

ಬಿಳಿಗೆರೆಯ ಆ ಮನೆ ನನ್ನ ಸೋದರತ್ತೆಯದು. ಮಕ್ಕಳಿಲ್ಲದ ಆಕೆ ತೀರಿಕೊಂಡಾಗ ಮನೆಯೂ ಹಿತ್ತಿಲಿನ ಹನ್ನೆರಡು ತೆಂಗಿನ ಮರವೂ ನನಗೆ ಬಂದವು. ನಾವಿರುವ ಬಾಡಿಗೆ ಮನೆಯ ಅಡುಗೆಕೋಣೆಗೆ ಕಿಟಕಿಯಿಲ್ಲ. ಒಗ್ಗರಣೆ ಹಾಕಿದರೆ ನಡುಮನೆಯಲ್ಲಿ ಕೂತ ನಾನೂ ಅಳುತ್ತೇನೆ. ಬಿಳಿಗೆರೆ ಮನೆ ಮಾರಿ, ಕಿಟಕಿಯಿರುವ ಒಂದು ಪುಟ್ಟ ಮನೆ ಕೊಳ್ಳಬೇಕೆಂಬುದು ನನ್ನ ಹೆಂಡತಿ ಶಾರದೆಯ ಒಂದೇ ಆಸೆ. ಆದರೆ ತಿಥಿ ಮುಗಿಸಿ ನಾವು ಈಚೆ ಬಂದ ವಾರದಲ್ಲೇ ರಂಗಸ್ವಾಮಿ ಎಂಬಾತ ಹೆಂಡತಿ, ಎಮ್ಮೆ ಸಮೇತ ಆ ಮನೆ ಸೇರಿಕೊಂಡಿದ್ದ. ಕೇಳಲಿಲ್ಲ, ಬಾಡಿಗೆಯ ಮಾತಂತೂ ಇಲ್ಲವೇ ಇಲ್ಲ.

ಜಗಳ ಆಡಲೆಂದೇ ಹೋದೆ. ಅವನ ಹೆಂಡತಿ ಜಯಮ್ಮ ನಮ್ಮತ್ತೆಯ ಲೋಟದಲ್ಲೇ ಕಾಫಿ ತಂದು, “ಕೂತ್ಕಳಿ ಸ್ವಾಮಿ, ನಿಮ್ಮನೆ ಅಂದ್ಕಳಿ” ಎಂದಳು. ಅಂದುಕೊಂಡು ಕೂತೆ. ಖಾಲಿ ಮಾಡುವ ವಿಷಯ ಎತ್ತಿದಾಗ ರಂಗಸ್ವಾಮಿ ಅಟ್ಟದ ಕಡೆ ಕೈ ತೋರಿಸಿದ. “ಬುಡ್ತೀನಿ ಕಣ್ರೀ, ಯಾರು ಇಲ್ಲ ಅಂದ್ರು? ಕಾಯಿ ಹಾಕಿವ್ನಿ. ಕೊಬ್ಬರಿ ಆಗ್ಲಿ.”

ನಮ್ಮ ಸೀಮೆಯವರಿಗೆ ಇದರ ಮುಂದೆ ಮಾತಿಲ್ಲ. ಅಟ್ಟ ಸೇರಿದ ಕಾಯಿಯ ನೀರು ಇಂಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು, ನಡುವೆ ಸಾಗಿಸಿದರೆ ಕೆಡುತ್ತದೆ. ಮನುಷ್ಯರನ್ನಾದರೆ ಎಬ್ಬಿಸಬಹುದು, ಕಾಯನ್ನು ಎಬ್ಬಿಸುವಷ್ಟು ಕಟುಕ ನಾನಲ್ಲ. ವರ್ಷ ಬಿಟ್ಟು ಹೋದೆ. ಹಳೆಯ ಕಾಯಿಯ ಪಕ್ಕ ಹೊಸ ಕಾಯಿ ಕೂತಿದ್ದವು. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ, ಒಳಗೆ ನೀರು ಧಾರಾಳವಾಗಿತ್ತು. ಕಾಫಿ ಕುಡಿದು ವಾಪಸ್ಸು ಬಂದೆ.

ಮೂರನೆಯ ವರ್ಷ ನಾನು ಹಿತ್ತಿಲಿನ ಮರಗಳ ಕಾಯಿ ಕೆಡವಿಸಿದಾಗ ರಂಗಸ್ವಾಮಿ, “ಬಾಡ್ಗೆ ಮನೇಲಿ ಅದ್ನೆಲ್ಲಾ ಎಲ್ಲಿಕ್ಕೀರಿ? ಅರ್ಧ ಅಟ್ಟ ನಿಮ್ಗೇ ಬುಟ್ಟುಕೊಡ್ತೀನಿ” ಎಂದ. ಎಂಥ ದೊಡ್ಡ ಮನಸ್ಸು ಎಂದು ನಿಜಕ್ಕೂ ಖುಷಿಯಾಯಿತು. ಕಾಯೆಲ್ಲ ಆ ಅಟ್ಟಕ್ಕೇ ಹಾಕಿಸಿ, ಮನೆಗೆ ಬಂದು ಶಾರದೆಗೆ ಹೇಳಿದೆ. ಆಕೆ ಒಳಗೆ ಹೋಗಿ ಒಗ್ಗರಣೆ ಹಾಕಿದಳು.

ಆಮೇಲೆ ನಾಲ್ಕು ತಿಂಗಳಿಗೆ ರಂಗಸ್ವಾಮಿಯೇ ಗೃಹಪ್ರವೇಶದ ಪತ್ರಿಕೆ ತಂದ. ಕೆಂಕೆರೆಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಹೋಗಿ ಉಂಡು ಬಂದೆವು. ಅವರ ಅಡುಗೆಕೋಣೆಗೆ ಎರಡು ಕಿಟಕಿ ಇದ್ದವು, ಶಾರದೆ ಎರಡನ್ನೂ ತೆಗೆದು ಮುಚ್ಚಿ ನೋಡಿದಳು. ವಾರದಲ್ಲಿ ಅವನು ತನ್ನ ಕೊಬ್ಬರಿಯನ್ನೂ ಎಮ್ಮೆಯನ್ನೂ ಸಾಗಿಸಿ ಬೀಗದಕೈ ನನ್ನ ಕೈಗಿಟ್ಟ.

ಅಮ್ಮಸಂದ್ರದಿಂದ ಗಂಗಾಧರಪ್ಪ ಎಂಬುವರು ಮನೆ ಕೊಳ್ಳಲು ಬಂದರು. ಎಲ್ಲ ಒಪ್ಪಿಗೆಯಾಯಿತು. ಶಾರದೆಯ ಮುಖದಲ್ಲಿ ಮೂರು ವರ್ಷದಿಂದ ಕಾಣದ ಗೆಲುವು. ಕೊನೆಗೆ ಅವರು ಏಣಿ ಹತ್ತಿ ಅಟ್ಟ ನೋಡಿದರು.

“ಈ ಕಾಯಿ ಯಾರವು?”

“ನಮ್ಮವೇ.”

“ನನಗೆ ಈ ತಿಂಗಳೇ ಮನೆ ಬೇಕು ಕಣ್ರೀ. ತೆಗೆಸಿಬಿಡಿ, ನಾಳೆನೇ ಪತ್ರ ಮಾಡಿಸೋಣ.”

ನಾನೂ ಏಣಿ ಹತ್ತಿ ಒಂದು ಕಾಯಿ ಕೈಗೆತ್ತಿಕೊಂಡು ಅಲ್ಲಾಡಿಸಿದೆ. ಆಮೇಲೆ ಬಂದ ಮಾತು ನನ್ನ ಬಾಯಿಂದಲೇ ಬಂತೆಂದು ಈಗಲೂ ನಂಬಲಾಗುತ್ತಿಲ್ಲ.

“ಬಿಡ್ತೀನಿ ಕಣ್ರೀ, ಯಾರು ಇಲ್ಲ ಅಂದ್ರು? ಕೊಬ್ಬರಿ ಆಗ್ಲಿ.”

ಗಂಗಾಧರಪ್ಪ ಬೇರೆ ಮನೆ ನೋಡಿಕೊಂಡರು. ಬಸ್ಸಿನಲ್ಲಿ ಶಾರದೆ ಬೇರೆ ಸೀಟು ಹಿಡಿದು ಕೂತಳು. ಮನೆಗೆ ಬಂದವಳೇ ಆ ಕಿಟಕಿಯಿಲ್ಲದ ಕೋಣೆ ಹೊಕ್ಕಳು. ನಾನು ನಡುಮನೆಯಲ್ಲಿ ಕೂತು, ಆದಷ್ಟೂ ಮೆತ್ತಗೆ, ಒಂದು ಲೋಟ ಕಾಫಿ ಸಿಗಬಹುದೇ ಎಂದು ಕೇಳಿದೆ.

“ಕೊಡ್ತೀನಿ ಕಣ್ರೀ,” ಎಂದಳು ಒಳಗಿನಿಂದ, “ಕೊಬ್ಬರಿ ಆಗ್ಲಿ.”